ಸೋರುವ ಸೂರಿಗೂ ಒಂದು ದತ್ತಿ

ಮಾತಾಡಿದವರು ಇಬ್ಬರು. ಒಬ್ಬರು ಬಾಣಾವರದ ಆಸುಪಾಸಿನ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಈಗ ಅವರಿಗೆ ತೆಂಗಿನ ತೋಟ ಮತ್ತು ಊರ ಗುಡಿಯ ಸಮಿತಿ. ಇನ್ನೊಬ್ಬಳು ಅವರ ತಮ್ಮನ ಮಗಳು, ಬೆಂಗಳೂರಿನಲ್ಲಿ ಆರ್ಕಿಟೆಕ್ಟ್. ಹೆಸರು ಇಬ್ಬರಿಗೂ ಬೇಡವಂತೆ. ಜಗಳ ಶುರುವಾದದ್ದು ಒಂದು ಎಸ್ಟಿಮೇಟ್ ಕಾಗದದಿಂದ.

ಮಗಳು: ದೊಡ್ಡಪ್ಪ, ಇದನ್ನ ಯಾರು ಬರೆದದ್ದು? ಹಳೇ ಕಲ್ಲಿನ ಗುಡಿ ತೆಗೆದು ಆರ್‌ಸಿಸಿ ದೇವಸ್ಥಾನ, ಒಳಗೆ ಗ್ರಾನೈಟು, ಗೋಡೆಗೆ ಎದೆಮಟ್ಟ ಟೈಲ್ಸು. ಕೆಳಗೆ ನಿಮ್ಮ ಸಹಿ ಬೇರೆ ಇದೆ!

ದೊಡ್ಡಪ್ಪ: ಹಾಕಿದ್ದೀನಿ ಕಣಮ್ಮ. ಮಳೆ ಬಂದರೆ ಗರ್ಭಗುಡಿ ಒಳಗೇ ಸೋರುತ್ತೆ. ಅರ್ಚಕರು ದೇವರ ತಲೆ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದಾರೆ. ಊರವರು ಎಷ್ಟು ವರ್ಷ ನೋಡ್ಕೊಂಡು ಕೂರಬೇಕು?

ಮಗಳು: ಇಲ್ಲಿಂದ ಜಾವಗಲ್ ದಾರೀಲಿ ಹೋದರೆ ಹಳೇಬೀಡು. ಅದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರು ಅಂತ ಊರೆಲ್ಲ ಪಟಾಕಿ ಹೊಡೆದಿರಿ. ಆ ಹಳೇಬೀಡಿನ ಕಾಲದ್ದೇ ಗುಡಿ ನಿಮ್ಮ ಕಣ್ಣೆದುರು ಇದೆ, ಅದಕ್ಕೆ ಜೆಸಿಬಿ ತರ್ತೀರ.

ದೊಡ್ಡಪ್ಪ: ಪಟ್ಟಿಗೆ ಸೇರಿದ್ದು 2023ರ ಸೆಪ್ಟೆಂಬರ್ 18, ಗೌರಿ ಹಬ್ಬದ ದಿವಸ. ಬೇಲೂರು, ಹಳೇಬೀಡು, ಸೋಮನಾಥಪುರ. 2014ರಿಂದ ತಾತ್ಕಾಲಿಕ ಪಟ್ಟೀಲಿ ಕಾಯ್ತಾ ಇದ್ದವು. ದೇಶದ ನಲವತ್ತೆರಡನೇ ತಾಣ. ಸಂತೋಷವೇ, ನಾನೂ ಪೇಡ ಹಂಚಿದೆ. ಆದರೆ ಪಟ್ಟೀಲಿ ಇರೋದು ಮೂರು. ಈ ಸುತ್ತಿನಲ್ಲಿ ಹೊಯ್ಸಳರ ಕಾಲದ್ದು ಎಷ್ಟಿವೆ ಹೇಳು. ಅರಸೀಕೆರೆ ಈಶ್ವರ ದೇವಸ್ಥಾನ, ಅದರ ಮುಂದಿನ ನಕ್ಷತ್ರದ ಮಂಟಪ. ಅಂಥದ್ದು ಬೇಲೂರಲ್ಲೂ ಇಲ್ಲ. ಹಾರನಹಳ್ಳಿ ಚೆನ್ನಕೇಶವ, 1235ರದ್ದು, ಅಣ್ಣತಮ್ಮಂದಿರು ಸೇರಿ ಕಟ್ಟಿಸಿದ್ದು. ಜಾವಗಲ್ ಲಕ್ಷ್ಮೀನರಸಿಂಹ, ಮಲ್ಲಿತಮ್ಮ ಕೆತ್ತಿದ್ದು. ಸೋಮನಾಥಪುರದಲ್ಲೂ ಅವನದೇ ಉಳಿ. ಆದರೆ ಜಾವಗಲ್ ಅಂದರೆ ಜನ ಶ್ರೀನಾಥ್ ಬೌಲಿಂಗ್ ಅಂತಾರೆ, ಮಲ್ಲಿತಮ್ಮನ್ನ ಯಾರು ಕೇಳ್ತಾರೆ? ಇವೆಲ್ಲ ಎರಡನೇ ಸಾಲು. ನಮ್ಮ ಗುಡಿ ಮೂರನೇ ಸಾಲೂ ಅಲ್ಲ, ಸಾಲಿನಿಂದಲೇ ಆಚೆ.

ಮಗಳು: ಆಚೆ ಇದ್ದರೆ ಒಳಗೆ ಸೇರಿಸೋಣ. ಪುರಾತತ್ವ ಇಲಾಖೆಗೆ ಒಂದು ಅರ್ಜಿ ಬರೀರಿ. ಮುಂದೆ ಶಾಸನ ಇದೆ, ಒಳಗೆ ತಿರುಗಣಿ ಕಂಬ ಇದೆ. ಬಂದು ನೋಡಿದರೆ ಖಂಡಿತ ಒಪ್ಪುತ್ತಾರೆ.

ದೊಡ್ಡಪ್ಪ: ಒಪ್ಪೋದೇ ಭಯ.

ಮಗಳು: ಭಯ ಯಾಕೆ?

ದೊಡ್ಡಪ್ಪ: ಕೇಂದ್ರದವರು ಸಂರಕ್ಷಿತ ಅಂತ ಬೋರ್ಡು ನೆಟ್ಟರೆ ಸುತ್ತ 100 ಮೀಟರ್ ಏನೂ ಕಟ್ಟೋ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ಅಪ್ಪಣೆ ಇಲ್ಲದೆ ಕಟ್ಟೋ ಹಾಗಿಲ್ಲ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ. ನಮ್ಮ ಊರು ಇರೋದೇ ಗುಡಿ ಸುತ್ತ. 100 ಮೀಟರ್ ಅಂದರೆ ಅರ್ಧ ಊರು. ಯಾರೂ ದನದ ಕೊಟ್ಟಿಗೆ ಎತ್ತರಿಸೋ ಹಾಗಿಲ್ಲ, ಅಣ್ಣತಮ್ಮ ಪಾಲಾದರೆ ಇನ್ನೊಂದು ಕೋಣೆ ಹಾಕ್ಕೊಳ್ಳೋ ಹಾಗಿಲ್ಲ. ಹಳೇಬೀಡಲ್ಲಿ ದೇವಸ್ಥಾನದ ಮಗ್ಗುಲಲ್ಲೇ ಹುಟ್ಟಿ ಬೆಳೆದವರನ್ನ ಕೇಳಿ ನೋಡು. ಅದಕ್ಕೇ ಎಷ್ಟೋ ಹಳ್ಳೀಲಿ ಹೊಲದಲ್ಲಿ ಶಾಸನ ಸಿಕ್ಕರೆ ಬೋರಲು ಹಾಕಿ ಬದುವಿಗೆ ಸೇರಿಸಿಬಿಡ್ತಾರೆ. ಯಾರಿಗೂ ಹೇಳಲ್ಲ.

ಮಗಳು: ಅಂದರೆ ರಕ್ಷಣೆಯ ಕಾನೂನಿಗೆ ಹೆದರಿ ರಕ್ಷಿಸಬೇಕಾದ್ದನ್ನೇ ಹೂಳ್ತಾರೆ.

ದೊಡ್ಡಪ್ಪ: ಕಾನೂನು ಬೇಡ ಅಂತಲ್ಲ. ಅದಿಲ್ಲದಿದ್ದರೆ ಹೊಯ್ಸಳೇಶ್ವರದ ಹಿಂದುಗಡೆ ಇವತ್ತು ಆರು ಮಹಡಿ ಲಾಡ್ಜು ನಿಂತಿರೋದು. ನಾನು ಹೇಳೋದು, ಆ ಕಾನೂನಿನ ಭಾರ ಹೊರೋರು ಕಲ್ಲಿನ ಪಕ್ಕದ ಬಡವರು, ಫೋಟೋ ಹಿಡಿಯೋರು ಬೆಂಗಳೂರಿನವರು. ಈಗ ನಿಮ್ಮಲ್ಲಿ ಹೊಯ್ಸಳ ಅಂದರೆ ಏನು?

ಮಗಳು: ಪೊಲೀಸ್ ಗಸ್ತು ಗಾಡಿ. (ನಗು) ಅದೂ ಅಲ್ಲದೆ ನಮ್ಮ ಕಚೇರಿಯಲ್ಲಿ ‘ಹೊಯ್ಸಳ ಥೀಮ್’ ಅಂತ ಒಂದಿದೆ. ರೆಸಾರ್ಟಿನ ಸ್ವಾಗತ ಕೋಣೆಗೆ ಫೈಬರಿನ ಮದನಿಕೆ ಬೇಕು ಅಂತಾರೆ. ಅಚ್ಚು ಹಾಕಿಸಿ, ಬಳಪದ ಕಲ್ಲಿನ ಬಣ್ಣ ಬಳಿಸಿ ನಾನೇ ನಿಲ್ಲಿಸಿದ್ದೀನಿ. ನಿಮಗೆ ಬೈಯೋ ಹಕ್ಕು ಇದೆ.

ದೊಡ್ಡಪ್ಪ: ಬೈಯೋದೇನು? ಹಲ್ಮಿಡಿಯಲ್ಲೂ ಫೈಬರೇ ಇರೋದು. ಬೇಲೂರು ತಾಲ್ಲೂಕಿನ ಪುಟ್ಟ ಹಳ್ಳಿ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಆ ಶಾಸನ ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದ್ದು. ಪಾಠದಲ್ಲಿ ಪ್ರತಿ ವರ್ಷ ಹೇಳ್ತಿದ್ದೆ. ಒಂದು ಸಲ ಮಕ್ಕಳನ್ನ ಕರಕೊಂಡು ಹೋದೆ. ಮೂಲ ಕಲ್ಲು ಊರಲ್ಲಿಲ್ಲ, ಇಲಾಖೆಯವರು ತಗೊಂಡು ಹೋಗಿ ಜೋಪಾನ ಮಾಡಿದ್ದಾರೆ. ಊರಿನ ಮಂಟಪದಲ್ಲಿರೋದು ಪ್ರತಿಕೃತಿ. ಒಬ್ಬ ಹುಡುಗ ಬೆರಳಲ್ಲಿ ತಟ್ಟಿ ನೋಡಿ, ‘ಸಾರ್, ಡ್ರಮ್ಮಿನ ಥರ ಸದ್ದು ಬರುತ್ತೆ’ ಅಂದ.

ಮಗಳು: ಹೊರಗೇ ಬಿಟ್ಟಿದ್ದರೆ ನಿಧಿ ಆಸೆಗೆ ಯಾರಾದರೂ ಒಡೆದು ಹಾಕ್ತಿದ್ದರು.

ದೊಡ್ಡಪ್ಪ: ಅದೂ ನಿಜವೇ. ವೀರಗಲ್ಲಿನ ಬುಡ ಅಗೆಯೋದು, ಬಸವಣ್ಣನ ಹೊಟ್ಟೆ ಸೀಳೋದು, ಅಮಾವಾಸ್ಯೆ ಕಳೆದ ಬೆಳಗ್ಗೆ ಹೋಗಿ ನೋಡಿದರೆ ನಿಂಬೆಹಣ್ಣು, ಕುಂಕುಮ, ಆಳುದ್ದ ಗುಂಡಿ. ಓದು ಬಾರದವನ ಕೆಲಸ ಅಂತ ನಾವು ಅಂದ್ಕೋತೀವಿ. ಶಾಸನದಲ್ಲಿ ನಿಧಿಯ ಗುರುತು ಬರೆದಿದೆ ಅಂತ ನಂಬಿರೋ ಪದವೀಧರರನ್ನೂ ನಾನು ಕಂಡಿದ್ದೀನಿ. ಹಾಗಾದರೆ ಶಾಸನದಲ್ಲಿ ನಿಜಕ್ಕೂ ಏನಿರುತ್ತೆ? ಅದನ್ನ ಇಬ್ಬರೂ ಓದಿಲ್ಲ, ಅಗೆಯೋನೂ ಓದಿಲ್ಲ, ಕಾಪಾಡೋನೂ ಓದಿಲ್ಲ.

ಮಗಳು: ನಮ್ಮ ಗುಡಿ ಮುಂದಿನ ಕಲ್ಲಲ್ಲಿ ಏನಿದೆ?

ದೊಡ್ಡಪ್ಪ: ರಾಜನ ಬಿರುದು ಅರ್ಧ ಕಲ್ಲು ತಿಂದಿದೆ. ಅದನ್ನ ದಾಟಿದರೆ ಲೆಕ್ಕ. ಕೆರೆಯ ಕೆಳಗೆ ಇಷ್ಟು ಸಲಗೆ ಗದ್ದೆ, ಇಷ್ಟು ಕಂಬ ಬೆದ್ದಲು, ಗಾಣಕ್ಕೆ ಇಷ್ಟು ಎಣ್ಣೆ. ಯಾತಕ್ಕೆ? ನಂದಾದೀಪಕ್ಕೆ, ನೈವೇದ್ಯಕ್ಕೆ, ಋಷಿಯರ ಊಟಕ್ಕೆ, ಆಮೇಲೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವುಗಳ ರಿಪೇರಿಗೆ ಅಂತ. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನ ಅಚ್ಚು ಹಾಕಿಸಿದ್ದು 1902ರಲ್ಲಿ. ಅರಸೀಕೆರೆ ತಾಲ್ಲೂಕಿನ ಭಾಗ ತೆರೆದು ಓದು. ಈ ಮಾತು ಮತ್ತೆ ಮತ್ತೆ ಸಿಗುತ್ತೆ. ಆಗ ತಾನೇ ಕಟ್ಟಿದ ಹೊಚ್ಚ ಹೊಸ ಗುಡಿ, ಕಲ್ಲಿನ ಪುಡಿ ಇನ್ನೂ ಗುಡಿಸಿಲ್ಲ, ಅಷ್ಟರಲ್ಲೇ ಬಿರುಕಿಗೆ ಗದ್ದೆ ಬರೆದಿಟ್ಟಿದ್ದಾರೆ!

ಮಗಳು: ಅಯ್ಯೋ, ನಾವು ಕಟ್ಟಡ ಒಪ್ಪಿಸುವಾಗ ಕೊಡೋ ನಿರ್ವಹಣಾ ಕೈಪಿಡಿಯನ್ನ ಯಾರೂ ತೆರೆಯೋದೇ ಇಲ್ಲ. ಇವರು ಅದನ್ನ ಬಾಗಿಲಲ್ಲೇ ಕಲ್ಲಿನಲ್ಲಿ ಕೊರೆಸಿದ್ದಾರೆ.

ದೊಡ್ಡಪ್ಪ: ಜತೆಗೆ ಶಾಪ. ಈ ದತ್ತಿ ಕಿತ್ತುಕೊಂಡವನು ಗಂಗೆ ತಡೀಲಿ ಕವಿಲೆ ಕೊಂದ ಪಾಪಕ್ಕೆ ಹೋಗ್ತಾನೆ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ತಾನೆ. ದುಡ್ಡು ಇಟ್ಟರು, ಕಿತ್ತುಕೊಳ್ಳೋನು ಬರ್ತಾನೆ ಅಂತಲೂ ಗೊತ್ತಿತ್ತು. ಭಕ್ತಿ ಇದ್ದ ಜನ ನಿಜ, ಅದಕ್ಕಿಂತ ಹೆಚ್ಚಾಗಿ ಲೋಕ ಕಂಡ ಜನ.

(ಇಲ್ಲಿ ನಾನೊಂದು ಮಾತು ಸೇರಿಸಬೇಕು. ನಮ್ಮ ಪರಂಪರೆಯ ಬಗ್ಗೆ ಭಾಷಣ ಮಾಡುವವರು ಮದನಿಕೆಯ ಕೈಬಳೆ ತಿರುಗುತ್ತದೆ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಗಾಣದ ಎಣ್ಣೆಯ ಲೆಕ್ಕದವರೆಗೆ ಬರುವವರು ಕಡಿಮೆ. ಬೆರಗು ಪಡಲು ಖರ್ಚಿಲ್ಲ.)

ಮಗಳು: ಸರಿ, ಆ ಗದ್ದೆ ಈಗೆಲ್ಲಿ?

ದೊಡ್ಡಪ್ಪ: ಉಳುವವರ ಕೈಲಿ. 1955ರಲ್ಲಿ ಧಾರ್ಮಿಕ ಇನಾಮು ರದ್ದಾಯಿತು, 61ರಲ್ಲಿ ಊರ ಚಾಕರಿ ಇನಾಮಿಗೂ ಕಾಯ್ದೆ ಬಂತು, 74ರಲ್ಲಿ ಭೂ ಸುಧಾರಣೆ. ತಪ್ಪು ಅಂತ ಹೇಳಲ್ಲ. ದೇವರ ಗದ್ದೇಲಿ ತಲೆತಲಾಂತರ ದುಡಿದು ಗುಡಿ ಒಳಕ್ಕೆ ಕಾಲಿಡೋಕೆ ಆಗದಿದ್ದ ಮನೆಗಳಿದ್ದವು, ಅವರಿಗೂ ಭೂಮಿ ಸಿಕ್ಕಿತು. ಅದನ್ನ ವಾಪಸ್ಸು ಕೇಳೋ ಮುಖ ಯಾರಿಗೂ ಇರಬಾರದು. ಆದರೆ ಗದ್ದೆ ಜತೆ ಇದ್ದ ಕೆಲಸ ಎಲ್ಲಿ ಹೋಯಿತು ಅಂತ ಯಾರೂ ಯೋಚನೆ ಮಾಡಲಿಲ್ಲ. ವಾಲಗದವರಿಗೆ, ಪಂಜಿನವರಿಗೆ, ಗುಡಿ ಗುಡಿಸೋರಿಗೆ, ಒಬ್ಬೊಬ್ಬರಿಗೂ ಒಂದು ತುಂಡು ಇತ್ತು. ನಮ್ಮ ಗುಡಿ ಮಾಡಿನ ಮೇಲೆ ಮುಂಗಾರಿಗೆ ಮುಂಚೆ ಹತ್ತಿ ಅರಳಿ ಸಸಿ ಕೀಳೋದು, ದೋಣಿ ಬಾಯಿಗೆ ಸಿಕ್ಕ ತರಗೆಲೆ ತೆಗೆಯೋದು ಒಂದು ಮನೆತನದ ಪಾಲಿಗಿತ್ತು. ನನ್ನ ಚಿಕ್ಕಂದಿನಲ್ಲಿ ಆ ತಾತ ಹತ್ತೋದು ನೋಡಿದ್ದೀನಿ. ಅವರ ಮಕ್ಕಳು ಓದಿ ಊರು ಬಿಟ್ಟರು, ಒಳ್ಳೇದೇ ಆಯಿತು. ಮಾಡಿನ ಮೇಲೆ ಈಗ ಅರಳಿ ಮರವೇ ಇದೆ.

ಮಗಳು: ಪೂಜೆ ಖರ್ಚಿಗೆ ಅಂತ ಸರ್ಕಾರ ತಸ್ತೀಕ್ ಕೊಡುತ್ತಲ್ಲ.

ದೊಡ್ಡಪ್ಪ: ಕೊಡುತ್ತೆ. ನಮ್ಮದು ಮುಜರಾಯಿ ಸಿ ವರ್ಗ, ವರ್ಷದ ಆದಾಯ ಐದು ಲಕ್ಷಕ್ಕಿಂತ ಕಡಿಮೆ ಇರೋವು. ರಾಜ್ಯದಲ್ಲಿ ಇಂಥವು ಮೂವತ್ತು ಸಾವಿರಕ್ಕೂ ಮಿಕ್ಕಿ ಇವೆ. ವರ್ಷಕ್ಕೆ 60,000 ಇದ್ದದ್ದನ್ನ 2025ರ ಬಜೆಟ್ಟಿನಲ್ಲಿ 72,000 ಮಾಡಿದರು. ತಿಂಗಳಿಗೆ ಆರು ಸಾವಿರ. ಹೂವು, ಎಣ್ಣೆ, ಅರ್ಚಕರ ಹೊಟ್ಟೆಪಾಡು ಎಲ್ಲ ಅದರಲ್ಲೇ. ಮಾಡು ಆ ಲೆಕ್ಕದಲ್ಲಿ ಬರೋದೇ ಇಲ್ಲ.

ಮಗಳು: ಅದಕ್ಕೆ ಒಡೆದು ಕಟ್ತೀವಿ ಅಂತೀರ. ಹೊಸದಕ್ಕೆ ಚಂದಾ ಬರುತ್ತೆ, ಹಳೇದರ ರಿಪೇರಿಗೆ ಬರಲ್ಲ.

ದೊಡ್ಡಪ್ಪ: ಈಗ ತಿಳೀತು ನೋಡು ನಿನಗೆ. ಹೊಸ ಗುಡಿ ಅಂದರೆ ಅಮೃತಶಿಲೆ ಹಲಗೆ ಮೇಲೆ ದಾನಿಗಳ ಹೆಸರು ಬರುತ್ತೆ, ಶಾಸಕರು ಗುದ್ದಲಿಪೂಜೆಗೆ ಬರ್ತಾರೆ, ಕುಂಭಾಭಿಷೇಕ, ಊಟ, ಫ್ಲೆಕ್ಸು. ಮಾಡಿನ ಮೇಲಿನ ಸಸಿ ಕಿತ್ತದ್ದಕ್ಕೆ ಯಾರಾದರೂ ಫ್ಲೆಕ್ಸ್ ಹಾಕಿಸಿದ್ದಾರಾ? ಮತ್ತೆ ಜಪಾನಿನವರೂ ಒಡೆದು ಕಟ್ತಾರಂತಲ್ಲ, ಟೀವಿಯಲ್ಲಿ ನೋಡಿದೆ.

ಮಗಳು: ಇಸೆ ದೇವಾಲಯ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದು ಕಟ್ಟಿ ಹಳೇದು ಬಿಚ್ತಾರೆ. ಸಾವಿರದ ಮುನ್ನೂರು ವರ್ಷದ ರೂಢಿ, ಹಿಂದಿನದು 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಆದರೆ ಅದನ್ನ ನಿಮ್ಮ ಎಸ್ಟಿಮೇಟಿಗೆ ಸಾಕ್ಷಿ ತರಬೇಡಿ. ಅವರು ಅದೇ ಮರ, ಅದೇ ಕೀಲು, ಅದೇ ಅಳತೆ ಹಿಡೀತಾರೆ. ಇಪ್ಪತ್ತು ವರ್ಷಕ್ಕೊಮ್ಮೆ ಕೆಲಸ ಇರೋದರಿಂದ ಮುದುಕ ಬಡಗಿ ಹುಡುಗ ಬಡಗಿಗೆ ಕಲಿಸೋಕೆ ಆಗುತ್ತೆ. ಅವರು ಉಳಿಸ್ಕೊಂಡಿರೋದು ಕೈಕಸುಬನ್ನ. ನಿಮ್ಮ ಕಂಟ್ರಾಕ್ಟರ್ ಗಾರೆ ಅರೆಯೋನನ್ನ ಕರೀತಾನಾ? ಸಿಮೆಂಟ್ ಮೂಟೆ ಇಳಿಸ್ತಾನೆ.

ದೊಡ್ಡಪ್ಪ: ಸಿಮೆಂಟು ಗಟ್ಟಿ ಅಲ್ವಾ?

ಮಗಳು: ಗಟ್ಟಿಯಾಗಿರೋದೇ ತೊಂದರೆ. ಹೊಯ್ಸಳರ ಬಳಪದ ಕಲ್ಲು ಮೆದು. ಸುಣ್ಣದ ಗಾರೆ ಉಸಿರಾಡುತ್ತೆ, ಒಳಗೆ ಸೇರಿದ ತೇವ ನಿಧಾನಕ್ಕೆ ಆಚೆ ಬಿಡುತ್ತೆ. ಸಿಮೆಂಟು ಅದನ್ನ ಕಟ್ಟಿಹಾಕುತ್ತೆ. ನೀರಿಗೆ ದಾರಿ ಸಿಗದೆ ಕಲ್ಲಿನ ಮೂಲಕವೇ ಹೊರಡುತ್ತೆ, ಜತೇಲಿ ಉಪ್ಪು ತರುತ್ತೆ, ಕಲ್ಲಿನ ಮುಖ ಪದರ ಪದರ ಉದುರುತ್ತೆ. ಗ್ರಾನೈಟು ನೆಲ, ಟೈಲ್ಸ್ ಗೋಡೆ ಮಾಡೋದೂ ಅದನ್ನೇ. ಆಮೇಲೆ ಎಣ್ಣೆ ಜಿಡ್ಡು ತೆಗೀತೀವಿ ಅಂತ ಮರಳು ಊದೋ ಮೆಷಿನ್ ಹಿಡೀತಾರಲ್ಲ, ಒಂದು ಮಧ್ಯಾಹ್ನದಲ್ಲಿ ಎಂಟುನೂರು ವರ್ಷದ ಉಳಿಗುರುತು ಹೋಗುತ್ತೆ.

ದೊಡ್ಡಪ್ಪ: ಹಾಗಾದರೆ ಸೋರೋದಕ್ಕೆ ಮದ್ದೇನು? ಅದನ್ನ ಹೇಳು. ಉಳಿದದ್ದು ಆಮೇಲೆ.

ಮಗಳು: ಮೊದಲು ಅರಳಿ ಮರ. ಎಳೆಯಬಾರದು, ಎಳೆದರೆ ಬೇರಿನ ಜತೆ ಕಲ್ಲೂ ಬರುತ್ತೆ. ಕಡಿದು, ಬುಡಕ್ಕೆ ಔಷಧಿ ತುಂಬಿ, ಸಾಯೋಕೆ ಬಿಡಬೇಕು. ಆಮೇಲೆ ಮಾಡಿನ ಮೇಲೆ ಯಾರೋ ಹಾಕಿರೋ ಸಿಮೆಂಟ್ ಪದರ ಕೈಯಲ್ಲೇ ತೆಗೆಯೋದು. ಅದರ ಕೆಳಗೆ ಹಳೇ ಸುಣ್ಣ–ಇಟ್ಟಿಗೆ ಚೂರಿನ ಗಾರೆ ಇರುತ್ತೆ. ಕೊಳೆತ ಕಡೆ ಬಿಚ್ಚಿ, ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಅರೆದು ಹೊಸದಾಗಿ ಹಾಕೋದು, ಮರದ ಹಲಗೇಲಿ ದಿನಗಟ್ಟಲೆ ತಟ್ಟೋದು. ನೀರು ದೋಣಿ ಕಡೆ ಹರಿಯೋ ಹಾಗೆ ವಾಟ ಕೊಡೋದು. ಗುಡಿ ಸುತ್ತ ಎತ್ತರಿಸಿದ ಕಾಂಕ್ರೀಟ್ ಒಡೆದು ಚರಂಡಿ ಬಿಡೋದು. ಇಷ್ಟೇ.

ದೊಡ್ಡಪ್ಪ: ಇಷ್ಟೇನಾ? ಯಾರಮ್ಮ ತಟ್ಟೋರು?

ಮಗಳು: ಕಾರ್ಕಳದಲ್ಲಿ ಸಿ. ಇ. ಕಾಮತ್ ಸಂಸ್ಥೆಯಲ್ಲಿ ಹುಡುಗರು ಕಲ್ಲು, ಮರ, ಲೋಹದ ಕೆತ್ತನೆ ಕಲೀತಾ ಇದ್ದಾರೆ. ಗಾರೆ ಕೆಲಸ ಗೊತ್ತಿರೋ ತಂಡಗಳೂ ಇವೆ, ನಮ್ಮ ಕಚೇರಿಗೇ ಗೊತ್ತು. ಅವರಿಗೆ ಕೆಲಸ ಸಿಗೋದು ಅಪರೂಪ, ಯಾಕಂದರೆ ಎಲ್ಲರೂ ನಿಮ್ಮ ಹಾಗೆ ಎಸ್ಟಿಮೇಟ್ ಬರೆಸ್ತಾರೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಗೊತ್ತಲ್ಲ?

ದೊಡ್ಡಪ್ಪ: ವೀರೇಂದ್ರ ಹೆಗ್ಗಡೆಯವರದು, 1991ರಲ್ಲಿ ಶುರುವಾದದ್ದು. ಹಳೇ ಕಲ್ಲನ್ನೇ ಬಿಚ್ಚಿ, ನಂಬರ್ ಹಾಕಿ, ಮತ್ತೆ ಜೋಡಿಸ್ತಾರೆ. ಇನ್ನೂರಕ್ಕೂ ಮೇಲೆ ದೇವಸ್ಥಾನ ಹಾಗೆ ನಿಲ್ಲಿಸಿದ್ದಾರೆ.

ಮಗಳು: ಅವರ ಲೆಕ್ಕದಲ್ಲಿ ನನಗೆ ಇಷ್ಟವಾದದ್ದು ಪಾಲು. ಸರ್ಕಾರದ್ದು ನೂರಕ್ಕೆ 40, ಟ್ರಸ್ಟಿನದು 40, ಊರಿನವರು 20 ಹಾಕಬೇಕು.

ದೊಡ್ಡಪ್ಪ: ಆ ಇಪ್ಪತ್ತರಲ್ಲೇ ಇರೋದು ಜಾಣತನ. ಬೆವರಿನ ದುಡ್ಡು ಹಾಕಿದವನು ಗುಡಿ ಗೋಡೆಗೆ ಬೈಕ್ ಒರಗಿಸಲ್ಲ. ಆದರೆ ಮಗಳೇ, ಅದೂ ಒಂದು ಸಲದ ಕೆಲಸ. ಆದ ಮೇಲೆ? ಅವರು ಹೊರಟು ಹೋಗ್ತಾರೆ, ಹಕ್ಕಿ ಮತ್ತೆ ಅರಳಿ ಹಣ್ಣು ತಿಂದು ಮಾಡಿನ ಮೇಲೆ ಕೂರುತ್ತೆ. ವರ್ಷಾ ವರ್ಷ ಯಾರು ಹತ್ತೋದು? ಬೇಲೂರಿನ ಗರ್ಭಗುಡಿ ಮೇಲಿನ ಗೋಪುರವನ್ನೇ ಭಾರ ತಡೆಯಲ್ಲ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಇಳಿಸಿದರು. ಅಷ್ಟು ದೊಡ್ಡ ದೇವರಿಗೇ ಹಾಗಾದರೆ ನಮ್ಮದು ಯಾವ ಲೆಕ್ಕ?

ಮಗಳು: ಅದಕ್ಕೇ ಫೋನು ಇದೆ. ಮಳೆಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ಅದೇ ಜಾಗದಿಂದ ಅದೇ ಫೋಟೋ. ನಮ್ಮ ಹೈಸ್ಕೂಲ್ ಮಕ್ಕಳೇ ತೆಗೀಬಹುದು. ಬಿರುಕು ಬೆಳೆದಿದ್ದು ಗೊತ್ತಾಗುತ್ತೆ. ಶಾಸನಕ್ಕೆ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಮಾಡ್ತಾರಲ್ಲ, ಮೂರು ಆಯಾಮದ ಸ್ಕ್ಯಾನು, ಕಣ್ಣಿಗೆ ಕಾಣದ ಅಕ್ಷರವೂ ಎದ್ದು ಬರುತ್ತೆ. ಕಲ್ಲು ನಾಳೆ ಕಳುವಾದರೂ ಅಕ್ಷರ ಇರುತ್ತೆ.

ದೊಡ್ಡಪ್ಪ: ಫೋಟೋ ಸಸಿ ಕೀಳಲ್ಲ.

ಮಗಳು: ಕೀಳಲ್ಲ, ಒಪ್ಪಿದೆ. ಕೂಲಿ ಕೊಡಬೇಕು. ಅದಕ್ಕೆ ದತ್ತಿ ಬೇಕು, ನೀವೇ ಹೇಳಿದ ಹಾಗೆ. ಗದ್ದೆ ಬಿಡೋರು ಯಾರೂ ಇಲ್ಲ ಈಗ.

ದೊಡ್ಡಪ್ಪ: ಗದ್ದೆ ಇಲ್ಲ. ತೆಂಗಿದೆ.

ಮಗಳು: ಅಂದರೆ?

ದೊಡ್ಡಪ್ಪ: ಈ ಸೀಮೇಲಿ ತೆಂಗಿಲ್ಲದ ಮನೆ ಯಾವುದು? ಮನೆಗೊಂದು ಮರ ಗುಡಿ ಮಾಡಿಗೆ ಅಂತ ಬಿಟ್ಟರೆ ಅರವತ್ತು ಮರ. ಮರ ಅವರದೇ, ಭೂಮಿ ಅವರದೇ. ಕಾಯಿ ಮಾತ್ರ ಗುಡಿಯದು. ಕೊಬ್ಬರಿ ಮಾಡಿ ಅರಸೀಕೆರೆ ಮಾರ್ಕೆಟ್ಟಿಗೆ ಹಾಕೋದು. ಬೆಲೆ ಬಿದ್ದ ವರ್ಷವೂ ನಾಲ್ಕು ಆಳಿನ ಕೂಲಿ, ಒಂದಿಷ್ಟು ಸುಣ್ಣ ಅದರಲ್ಲಿ ಹುಟ್ಟುತ್ತೆ. ಈ ದುಡ್ಡು ಹೂವಿಗಲ್ಲ, ಊಟಕ್ಕಲ್ಲ, ಮೈಕ್‌ಸೆಟ್ಟಿಗಂತೂ ಅಲ್ಲವೇ ಅಲ್ಲ. ಮಾಡಿಗೆ, ಚರಂಡಿಗೆ, ಬಿರುಕಿಗೆ. ಸಮಿತಿ ಪುಸ್ತಕದಲ್ಲಿ ಬರೀಬೇಕು.

ಮಗಳು: ಸಮಿತಿ ಒಪ್ಪುತ್ತಾ? ಆರ್‌ಸಿಸಿ ಕನಸು ಕಾಣ್ತಾ ಇರೋರು?

ದೊಡ್ಡಪ್ಪ: ಅರ್ಧ ಜನ ಬೈತಾರೆ. ಒಬ್ಬರು ಆಗಲೇ ತಮ್ಮ ತಂದೆ ಹೆಸರಿನ ಕಲ್ಲಿಗೆ ಆರ್ಡರ್ ಕೊಟ್ಟಿದ್ದಾರೆ. ಹೆಂಗಸರು ನಮ್ಮ ಕಡೆ ಬರ್ತಾರೆ. ತಿರುಗಣಿ ಕಂಬಕ್ಕೆ ಬೆನ್ನು ಕೊಟ್ಟು ಬೇಸಿಗೇಲಿ ಕೂತರೆ ಎಷ್ಟು ತಂಪು ಅಂತ ಅವರಿಗೆ ಗೊತ್ತು, ಕಾಂಕ್ರೀಟ್ ಗುಡಿ ಒಲೆ ಇದ್ದ ಹಾಗೆ. ಊರೇ ಎದ್ದು ಹೋಗಿ ವಾಪಸ್ಸು ಬಂದ ಜನ ನಾವು. ಹೈದರಾಲಿ ಕಾಲದಲ್ಲಿ ಬಾಣಾವರದವರನ್ನ ನಾಗಪುರಿಗೆ ಸಾಗಿಸಿದರಂತೆ, ಅಲ್ಲಿನ ಗಾಳಿ ಹಿಡಿಸದೆ ತಿರುಗಿ ಬಂದರಂತೆ. ಗೆಜೆಟಿಯರಿನಲ್ಲಿದೆ. ಒಂದು ಎಸ್ಟಿಮೇಟ್ ವಾಪಸ್ಸು ತಗೊಳ್ಳೋದೇನು ಮಹಾ.

ಮಗಳು: ನಿರ್ಣಯ ನಾನು ಟೈಪ್ ಮಾಡ್ತೀನಿ. ಹೇಳಿ.

ದೊಡ್ಡಪ್ಪ: ಕೊನೇಲಿ ಶಾಪ ಹಾಕು. ಈ ಕಾಯಿ ಕದ್ದವನು ಅರವತ್ತು ಸಾವಿರ ವರ್ಷ…

ಮಗಳು: ಮುಜರಾಯಿಗೆ ಕಳಿಸೋ ಕಾಗದ ದೊಡ್ಡಪ್ಪ! ತಹಸೀಲ್ದಾರ್ ಕಚೇರೀಲಿ ಓದ್ತಾರೆ.

ದೊಡ್ಡಪ್ಪ: ಓದಲಿ. ಓದಬೇಕು ಅಂತಲೇ ಹೇಳ್ತಿರೋದು.

ಮಗಳು: ಶಾಪ ಆಮೇಲೆ ನೋಡೋಣ. ಮೊದಲ ಹೆಸರು ನಿಮ್ಮದು ಬರೀತೀನಿ. ಎಷ್ಟು ಮರ?

ದೊಡ್ಡಪ್ಪ: ಮೂರು ಬರಕೋ. ಬಾವಿ ಪಕ್ಕದವು.

ಮಗಳು: ಬಾವಿ ಪಕ್ಕದವು ಮೂರಕ್ಕೂ ಕಾಂಡ ಸೋರೋ ರೋಗ ಬಂದಿದೆ ಅಂತ ಅಪ್ಪನ ಹತ್ತಿರ ಹೇಳ್ತಿದ್ರಿ.

ದೊಡ್ಡಪ್ಪ: …ಮನೆ ಮುಂದಿನವೇ ಬರಕೋ.